20–25 ಸಿಗಾರ್ ಮನೆಯಲ್ಲಿಡಲು ಮರದ ಹ್ಯೂಮಿಡಾರ್ (ತೇವ ಕಾಯುವ ಪೆಟ್ಟಿಗೆ) ಬೇಕೇ ಬೇಕಾ?

ಬೇಡ. ಇಷ್ಟಕ್ಕೆ ರಬ್ಬರ್ ಸೀಲ್ ಇರುವ, ನಾಲ್ಕೂ ಕಡೆ ಲಾಕ್ ಆಗುವ 3–4 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಅಗ್ಗದ ಹ್ಯೂಮಿಡಾರ್‌ಗಳ ಮುಚ್ಚಳ ಸಾಮಾನ್ಯವಾಗಿ ಬಿಗಿಯಾಗಿ ಕೂರುವುದಿಲ್ಲ. ಒಳಗಿನ ಒಣ ಮರ ಬೇರೆ ಸಿಗಾರಿನ ತೇವವನ್ನೇ ಹೀರುತ್ತದೆ. ಆ ದುಡ್ಡಿಗೆ ಇನ್ನಷ್ಟು ಸಿಗಾರ್ ಬಂದೀತು.

ಡಬ್ಬಿ ತೊಳೆದು, ಪ್ಲಾಸ್ಟಿಕ್ ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಡಿ. ಒಳಗೆ ಗಾಳಿಯ ತೇವವನ್ನು ಶೇ. 65ರಲ್ಲಿ ಹಿಡಿದಿಡುವ, 60 ಗ್ರಾಂನ ಬೊವೆಡಾ ಪ್ಯಾಕ್ ಒಂದು, ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು. ಗಾಳಿಯಾಡದ ಡಬ್ಬಿಯಲ್ಲಿ ಶೇ. 69 ಹಲವರಿಗೆ ಹೆಚ್ಚಾಗುತ್ತದೆ: ಸಿಗಾರ್ ಮೆತ್ತಗಾಗಿ ಎಳೆಯಲು ಬಿಗಿ, ಒಂದೇ ಸಮ ಉರಿಯುವುದೂ ಇಲ್ಲ. ಪ್ಯಾಕ್ ಪೂರ್ತಿ ಗಟ್ಟಿಯಾದರೆ ಬದಲಿಸಿ.

ಮೀಟರನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ, ನೀರು ನಿಲ್ಲಬಾರದು. ಅದರ ಜೊತೆ ಮೀಟರನ್ನು ಜಿಪ್ ಕವರಿನಲ್ಲಿ 12 ಗಂಟೆ ಮುಚ್ಚಿಡಿ. ಶೇ. 75 ತೋರಿಸಬೇಕು, 71 ತೋರಿಸಿದರೆ ಮುಂದೆ 4 ಕೂಡಿಸಿ ಓದಿ.

ನಮ್ಮ ಊರುಗಳಲ್ಲಿ ತೇವಕ್ಕಿಂತ ಶಾಖವೇ ದೊಡ್ಡ ತಲೆನೋವು. ಸುಮಾರು 24 ಡಿಗ್ರಿ ದಾಟಿದರೆ ತಂಬಾಕು ಹುಳುವಿನ ಮೊಟ್ಟೆ ಒಡೆಯುವ ಭಯ. ಹೊರಪದರದಲ್ಲಿ ಗುಂಡುಸೂಜಿ ಗಾತ್ರದ ತೂತು ಕಂಡರೆ ಅದೇ. ಏಪ್ರಿಲ್‌ನ ಬೆಂಗಳೂರಾಗಲಿ ಮಂಗಳೂರಾಗಲಿ, ಒಳಕೋಣೆಯ ಕಪಾಟಿನ ಕೆಳಗಿನ ಖಾನೆಯೇ ವಾಸಿ. ಅನುಮಾನವಿದ್ದರೆ ಎರಡು ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ 3 ದಿನ, ಕೆಳಗಿನ ಫ್ರಿಜ್ಜಿನಲ್ಲಿ 1 ದಿನ, ಆಮೇಲೆ ಹೊರಗೆ. ಅವಸರ ಮಾಡಿದರೆ ಹೊರಪದರ ಸೀಳುತ್ತದೆ.