ಸುದ್ದಿ ಓದಿದಿರಿ, ನಿಮಗೇನನ್ನಿಸಿತು? ವಿದೇಶಿ ಭಾಷೆ ಕಲಿಯುವವರ ಪ್ರಶ್ನೆಗಳಿಗೆ ಉತ್ತರ

ಫ್ರೆಂಚ್, ಜರ್ಮನ್, ಜಪಾನಿ, ಯಾವ ತರಗತಿಗೇ ಸೇರಿ, ಅಕ್ಷರ ಮತ್ತು ಕ್ರಿಯಾಪದಗಳ ಗಲಾಟೆ ಮುಗಿಯುತ್ತಿದ್ದಂತೆ ಒಂದು ಹೋಂವರ್ಕ್ ತಪ್ಪದೆ ಬರುತ್ತದೆ: ‘ಈ ವಾರದ ಒಂದು ಲೋಕವಾರ್ತೆ ಓದಿ, ನಿಮಗನ್ನಿಸಿದ್ದನ್ನು ಬರೆದು ತನ್ನಿ.’ ಈ ಸಲದ ಪತ್ರಗಳಲ್ಲಿ ಬಹುಪಾಲು ಅದರ ಬಗ್ಗೆಯೇ ಇವೆ.

ಫ್ರೆಂಚ್ ಬಿ1 (ಮಧ್ಯಮ ಹಂತ) ಓದುತ್ತಿದ್ದೇನೆ. ವಾರಕ್ಕೊಂದು ಸುದ್ದಿಗೆ 160 ಪದಗಳ ಪ್ರತಿಕ್ರಿಯೆ ಬರೆಯಬೇಕು. ನಾಲ್ಕು ಸಲವೂ ‘ಇದು ಸಾರಾಂಶ, ಇದರಲ್ಲಿ ನೀವೆಲ್ಲಿದ್ದೀರಿ?’ ಎಂಬ ಕೆಂಪು ಷರಾದೊಂದಿಗೆ ವಾಪಸ್ ಬಂತು. ವ್ಯಾಕರಣದ ತಪ್ಪು ಹೆಚ್ಚಿಲ್ಲ. ಎಲ್ಲಿ ಎಡವುತ್ತಿದ್ದೇನೆ?
– ಓದುಗರು, ರಾಜಾಜಿನಗರ

ಆ ನಾಲ್ಕೂ ಹಾಳೆಗಳನ್ನು ಮುಂದಿಟ್ಟುಕೊಳ್ಳಿ. ಸುದ್ದಿಯಿಂದ ಎತ್ತಿದ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ, ನಿಮ್ಮ ತಲೆಯಿಂದ ಬಂದ ವಾಕ್ಯಕ್ಕೆ ಎರಡು ಗೆರೆ ಎಳೆಯಿರಿ. ಒಂಟಿ ಗೆರೆಯೇ ಮುಕ್ಕಾಲು ಪುಟ ತುಂಬಿದ್ದರೆ ಮೇಷ್ಟ್ರ ಷರಾ ನ್ಯಾಯವಾದದ್ದೇ. 160 ಪದದಲ್ಲಿ ಸುದ್ದಿಗೆ ಸಲ್ಲಬೇಕಾದದ್ದು 35ರಿಂದ 40 ಪದ, ಅಂದರೆ ಎರಡು ವಾಕ್ಯ. ಎಲ್ಲಿ, ಯಾವಾಗ, ಏನಾಯಿತು ಎಂಬುದು ಮೊದಲನೆಯದಕ್ಕೆ. ಓದುವಾಗ ನಿಮ್ಮ ಕಣ್ಣು ಎಲ್ಲಿ ನಿಂತಿತೋ ಆ ವಿವರ ಎರಡನೆಯದಕ್ಕೆ. ಉಳಿದ 120 ಪದ ನಿಮ್ಮವು.

ಆದರೆ ನೀವು ಎಡವುತ್ತಿರುವುದು ಬಹುಶಃ ಅದಕ್ಕೂ ಮೊದಲೇ, ಸುದ್ದಿ ಆರಿಸುವಾಗ. ಹವಾಮಾನ ಬದಲಾವಣೆ, ವಿಶ್ವ ಆರ್ಥಿಕತೆ ಎಂದು ಗುಡ್ಡದಂಥ ವಿಷಯ ಎತ್ತಿಕೊಂಡರೆ ಊರೆಲ್ಲ ಆಡಿದ ಮಾತೇ ಬಾಯಿಗೆ ಬರುತ್ತದೆ. ಅದನ್ನು ಬರೆಯಲು ಮನಸ್ಸಾಗದೆ ಮತ್ತೆ ಸಾರಾಂಶಕ್ಕೇ ಇಳಿಯುತ್ತೀರಿ. ಸುದ್ದಿ ದೊಡ್ಡದಿರಲಿ, ಹಿಡಿಯುವ ಎಳೆ ಸಣ್ಣದಿರಲಿ. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಸುದ್ದಿ ತೆಗೆದುಕೊಳ್ಳಿ. 2019ರ ಏಪ್ರಿಲ್ 15ರಂದು ಚಾವಣಿಗೆ ಬೆಂಕಿ ಬಿತ್ತು, 2024ರ ಡಿಸೆಂಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು. ಸುದ್ದಿಯ ಭಾಗ ಇಷ್ಟೇ. ಈಗ ಎಳೆ: ಸುಟ್ಟುಹೋದ ಓಕ್ ಮರದ ಚಾವಣಿಯನ್ನು ಅವರು ಓಕ್ ಮರದಲ್ಲೇ, ಮೊದಲಿದ್ದ ಹಾಗೇ ಕಟ್ಟಿದರು. ನಮ್ಮಲ್ಲಿ 1897ರಲ್ಲಿ ಮೈಸೂರಿನ ಮರದ ಅರಮನೆ ರಾಜಕುಮಾರಿಯ ಮದುವೆಯ ವೇಳೆ ಸುಟ್ಟಾಗ ಹಳೆಯದರ ನಕಲು ಮಾಡಲಿಲ್ಲ, 1912ರ ಹೊತ್ತಿಗೆ ಕಲ್ಲು ಕಬ್ಬಿಣದ ಬೇರೆಯೇ ಅರಮನೆ ಎದ್ದಿತು. ಯಾವುದು ಸರಿ? ಸುಟ್ಟದ್ದನ್ನು ಇದ್ದ ಹಾಗೇ ತರಬೇಕೇ, ಮತ್ತೆ ಸುಡದ ಹಾಗೆ ಕಟ್ಟಬೇಕೇ? ಈ ಪ್ರಶ್ನೆಗೆ 120 ಪದ ಸಾಲುವುದೇ ಇಲ್ಲ. ಇದನ್ನು ಕೇಳಲು ಬೆಂಗಳೂರಿನಲ್ಲಿ ಕೂತವರಿಗೆ ಪ್ಯಾರಿಸಿನವರಿಗಿಂತ ಹೆಚ್ಚು ಅನುಕೂಲ, ಅದನ್ನೇಕೆ ಬಿಡುತ್ತೀರಿ?

ಫ್ರೆಂಚ್ ಭಾಷೆಯ ಡೆಲ್ಫ್ ಬಿ1 ಪರೀಕ್ಷೆಯಲ್ಲಿ ಸುದ್ದಿಯೇ ಬರಬೇಕೆಂದಿಲ್ಲ, ಆದರೆ ಕೇಳುವುದು ಇದನ್ನೇ: ಒಂದು ಸಾಮಾನ್ಯ ವಿಷಯದ ಬಗ್ಗೆ ನಿಮ್ಮ ನಿಲುವು, 45 ನಿಮಿಷ, ಕನಿಷ್ಠ 160 ಪದ. (ಬಿ2ಗೆ ಒಂದು ಗಂಟೆ, 250 ಪದ.) ಪ್ರಶ್ನೆ ಓದಲು 5 ನಿಮಿಷ, ಅಂಶಗಳ ಪಟ್ಟಿಗೆ 5, ಬರೆಯಲು 28, ತಿದ್ದಲು 7 ಎಂದು ಮನೆಯಲ್ಲೇ ಗಡಿಯಾರ ಇಟ್ಟು ಅಭ್ಯಾಸ ಮಾಡಿ. ತಿದ್ದುವ ಆ 7 ನಿಮಿಷವನ್ನೇ ಎಲ್ಲರೂ ನುಂಗಿಹಾಕುವುದು. ಪದ ಎಣಿಸುವಾಗ ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ಒಂದೇ ಪದ. ‘ಸೆತಾದೀರ್’ (ಅಂದರೆ) ಎಂಬುದನ್ನು ಎಷ್ಟು ಅಡ್ಡಗೆರೆ ಹಾಕಿ ಬರೆದರೂ ಲೆಕ್ಕಕ್ಕೆ ಒಂದೇ. ಒಟ್ಟು 100ಕ್ಕೆ 50 ಬಂದರೆ ಪಾಸು, ಆದರೆ ನಾಲ್ಕು ವಿಭಾಗಗಳಲ್ಲಿ ಯಾವುದರಲ್ಲೂ 25ಕ್ಕೆ 5ಕ್ಕಿಂತ ಕಡಿಮೆ ಬರಬಾರದು.

ಇನ್ನು ನಿಲುವಿನ ವಾಕ್ಯಗಳು. ‘ಝ ಪಾಂಸ್ ಕ’ (ನನಗನ್ನಿಸುತ್ತದೆ) ಆದ ಮೇಲೆ ಸಾದಾ ಕ್ರಿಯಾಪದ. ಅದನ್ನೇ ನಿಷೇಧಿಸಿ ‘ಝ ನ ಪಾಂಸ್ ಪಾ ಕ’ ಎಂದರೆ ಸಬ್ಜಂಕ್ಟಿವ್, ಅಂದರೆ ಅನುಮಾನ, ಭಾವನೆಗಳಿಗೆ ಬರುವ ಬೇರೆ ಕ್ರಿಯಾರೂಪ. ಬೇಸರ, ಸಂತೋಷ, ವಿಷಾದ ಹೇಳುವ ವಾಕ್ಯಗಳಿಗೂ ಸಬ್ಜಂಕ್ಟಿವ್. ಇದನ್ನು ಕಲಿತ ಹುರುಪಿನಲ್ಲಿ ‘ಝೆಸ್ಪೇರ್ ಕ’ಗೂ ಸಬ್ಜಂಕ್ಟಿವ್ ಅಂಟಿಸುವವರು ತರಗತಿಗೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ಆಶಿಸುವುದಕ್ಕೆ ಅದು ಬೇಡ, ಸಾದಾ ರೂಪವೇ ಸಾಕು. ಒಂದು ಎಚ್ಚರಿಕೆ: ಖುಷಿಯ ಸುದ್ದಿ ಓದಿ ಇಂಗ್ಲಿಷಿನ ‘ಎಕ್ಸೈಟೆಡ್’ ಪದವನ್ನು ಫ್ರೆಂಚಿಗೆ ಹಾಗೇ ದಾಟಿಸಬೇಡಿ, ಅಲ್ಲಿ ಅದಕ್ಕೆ ಮುಜುಗರದ ಅರ್ಥವೂ ಇದೆ.

ಸುದ್ದಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇವೆ. ಫ್ರೆಂಚಿಗೆ ಆರ್‌ಎಫ್‌ಐ ರೇಡಿಯೊದ ‘ಝುರ್ನಾಲ್ ಆಂ ಫ್ರಾಂಸೆ ಫಸಿಲ್’: ಹತ್ತು ನಿಮಿಷದ ಸುದ್ದಿ, ಓದಿಕೊಳ್ಳಲು ಲಿಖಿತ ಪಠ್ಯವೂ ಜೊತೆಗಿರುತ್ತದೆ. ಜರ್ಮನ್‌ಗೆ ಡಾಯ್ಚ ವೆಲ್ಲ ಸಂಸ್ಥೆಯ ನಿಧಾನಗತಿಯ ವಾರ್ತೆ. ಜಪಾನಿಗೆ ಎನ್‌ಎಚ್‌ಕೆಯ ಸುಲಭ ಸುದ್ದಿ, ಅದರಲ್ಲಿ ಕಾಂಜಿಯ (ಚೀನಿ ಮೂಲದ ಅಕ್ಷರಗಳ) ಮೇಲೆ ಓದುವ ಬಗೆಯನ್ನೂ ಬರೆದಿರುತ್ತಾರೆ.

ಭೂಕಂಪದ ಫ್ರೆಂಚ್ ಸುದ್ದಿಯೊಂದರಲ್ಲಿ ಸತ್ತವರ ಸಂಖ್ಯೆಯ ಹಿಂದೆ ‘ಒರೇ ಫೇ’ ಎಂದಿತ್ತು. ಅದು ಕಂಡೀಷನಲ್, ‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಎನ್ನುವ ರೂಪ, ಅಲ್ಲವೇ? ಹಾಗಾದರೆ ಜನ ಸತ್ತಿದ್ದಾರೋ, ಸಾಯುತ್ತಿದ್ದರೋ?
– ಓದುಗರು, ಮಲ್ಲೇಶ್ವರ

ಸತ್ತಿದ್ದಾರಂತೆ. ಉತ್ತರ ಆ ‘ಅಂತೆ’ಯಲ್ಲೇ ಇದೆ.

ಕಂಡೀಷನಲ್ ರೂಪಕ್ಕೆ ಫ್ರೆಂಚ್ ಪತ್ರಿಕೆಗಳಲ್ಲಿ ಇನ್ನೊಂದು ಕೆಲಸವುಂಟು. ಸುದ್ದಿ ಬಂದಿದೆ, ಇನ್ನೂ ಖಚಿತವಾಗಿಲ್ಲ, ನಾವು ಹೊಣೆಯಲ್ಲ ಎಂದು ಹೇಳುವುದು ಅದೇ ರೂಪ. ‘ಆ ಫೇ’ ಎಂದರೆ ಸತ್ತದ್ದು ಖಚಿತ, ‘ಒರೇ ಫೇ’ ಎಂದರೆ ಸತ್ತಿದ್ದಾರೆನ್ನಲಾಗಿದೆ. ಇಂಗ್ಲಿಷ್ ದಾರಿಯಲ್ಲಿ ಹೋದವರು ಇಲ್ಲಿ ಕಂಗೆಡುತ್ತಾರೆ, ಏಕೆಂದರೆ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಮೀಸಲಾದ ಕ್ರಿಯಾರೂಪ ಇಲ್ಲ, ‘ವರದಿಯ ಪ್ರಕಾರ’ ಎಂಬಂಥ ಪದ ಸೇರಿಸಬೇಕು. ಕನ್ನಡಿಗರಿಗೆ ಕ್ರಿಯಾಪದದ ಬಾಲದಲ್ಲೇ ಇದೆ: ಬಂದರಂತೆ, ಬಿತ್ತಂತೆ, ಸತ್ತರಂತೆ.

ಜರ್ಮನ್‌ನಲ್ಲೂ ಹೀಗೊಂದು ರೂಪವಿದೆ, ಅದರ ಹೆಸರು ‘ಕೊನ್‌ಯುಂಕ್ಟೀಫ್ 1’. ಮಂತ್ರಿಯೊಬ್ಬರು ಹೇಳಿದ್ದನ್ನು ಬರೆಯುವಾಗ ‘ಇಸ್ಟ್’ (ಇದೆ) ಇರುವ ಕಡೆ ‘ಝೈ’ ಬಂದರೆ ಅದು ಮಂತ್ರಿಯ ಮಾತು, ಪತ್ರಿಕೆಯದಲ್ಲ. ಜಪಾನಿಯಲ್ಲಿ ನಮ್ಮ ‘ಅಂತೆ’ಗೆ ಇನ್ನೂ ಹತ್ತಿರದ್ದುಂಟು. ‘ಫುರು ಸೋ ದೆಸು’ ಎಂದರೆ ಮಳೆ ಬರುತ್ತದಂತೆ, ‘ಫುರಿಸೋ ದೆಸು’ ಎಂದರೆ ಮಳೆ ಬರೋ ಹಾಗಿದೆ. ಒಂದು ಸ್ವರ ಬದಲಾದರೆ ಕೇಳಿದ್ದು ಕಂಡದ್ದಾಗುತ್ತದೆ.

ಆದರೂ ಕನ್ನಡ, ಫ್ರೆಂಚ್, ಜರ್ಮನ್ ರೂಪಗಳು ಮೂರೂ ಒಂದೇ ತೂಕದವಲ್ಲ. ಖಚಿತವಾದ ಸುದ್ದಿಗೂ ನಾವು ‘ಅಂತೆ’ ಹಾಕುತ್ತೇವೆ: ‘ಅವಳಿಗೆ ಗಂಡು ಮಗು ಆಯಿತಂತೆ’ ಎಂದರೆ ಯಾರಿಗೂ ಅನುಮಾನವಿಲ್ಲ, ನಾವು ಆಸ್ಪತ್ರೆಯಲ್ಲಿ ಇರಲಿಲ್ಲ ಅಷ್ಟೇ. ಫ್ರೆಂಚಿನ ಆ ರೂಪದಲ್ಲಿ ಅನುಮಾನದ ವಾಸನೆ ಇದೆ. ಸರಕಾರ ಪ್ರಕಟಿಸಿದ ಸಂಖ್ಯೆಗೆ ಅದನ್ನು ಬಳಸಿದರೆ ಸರಕಾರವನ್ನೇ ನಂಬದ ಹಾಗಾಗುತ್ತದೆ. ಜರ್ಮನ್ ರೂಪ ತಟಸ್ಥ, ನಂಬಿಕೆ ಅಪನಂಬಿಕೆ ಎರಡನ್ನೂ ಹೇಳದು. ನಿಮ್ಮ ಬರಹದ ಮೊದಲ ಎರಡು ವಾಕ್ಯಗಳಲ್ಲಿ ಈ ರೂಪಗಳನ್ನು ಸರಿಯಾಗಿ ಇಟ್ಟರೆ ಮುಂದೆ ನಿಮ್ಮ ಮಾತು ಎಲ್ಲಿಂದ ಶುರು ಎಂಬುದು ತಾನಾಗಿ ತಿಳಿಯುತ್ತದೆ.

ಜರ್ಮನ್ ಬಿ1 ಬರಹಕ್ಕೆ ಮೊದಲು ಕನ್ನಡದಲ್ಲಿ ಬರೆದು ಮೊಬೈಲ್ ಆ್ಯಪ್‌ನಲ್ಲಿ ಅನುವಾದಿಸುತ್ತೇನೆ. ತರಗತಿಯಲ್ಲಿ ಇದು ಕಳ್ಳತನ ಎನ್ನುತ್ತಾರೆ. ಕನ್ನಡದಲ್ಲಿ ಯೋಚಿಸುವುದೇ ತಪ್ಪೇ?
– ಓದುಗರು, ಜಯನಗರ

ಯೋಚಿಸುವುದು ತಪ್ಪಲ್ಲ, ಪೂರ್ತಿ ವಾಕ್ಯ ಬರೆಯುವುದು ತಪ್ಪು. ಕನ್ನಡದಲ್ಲಿ ‘ಓದಿ ಬೇಸರವಾಯಿತು’ ಎಂದರೆ ಮುಗಿಯಿತು. ಯಾರಿಗೆ ಎಂದು ನಾವು ಹೇಳುವುದಿಲ್ಲ, ಯಂತ್ರ ಊಹಿಸುತ್ತದೆ, ಆ ಊಹೆಯಲ್ಲಿ ನಿಮ್ಮ ಬೇಸರ ಇನ್ನಾರದೋ ಆಗಿಬಿಡಬಹುದು. ಆದ್ದರಿಂದ ಕನ್ನಡದಲ್ಲಿ ಬರೀ ಅಂಶ ಬರೆದುಕೊಳ್ಳಿ, ಒಂದಕ್ಕೆ ಮೂರು ನಾಲ್ಕು ಪದ. ವಾಕ್ಯ ಜರ್ಮನ್‌ನಲ್ಲೇ ಹುಟ್ಟಲಿ.

ಜರ್ಮನಿಯ ‘ಡಾಯ್ಚ್‌ಲಾಂಟ್ ಟಿಕೆಟ್’ ಸುದ್ದಿ ಎತ್ತಿಕೊಳ್ಳಿ. ದೇಶದ ಯಾವ ಊರಿನ ಬಸ್ಸು, ಟ್ರಾಮು, ಸ್ಥಳೀಯ ರೈಲಿಗೂ ನಡೆಯುವ ಒಂದೇ ಮಾಸಿಕ ಪಾಸು. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಗಿ 2025ರ ಜನವರಿಗೆ 58 ಯೂರೊ ಆಯಿತು. ನಿಮ್ಮ ಕನ್ನಡ ಪಟ್ಟಿ ಇಷ್ಟಿದ್ದರೆ ಸಾಕು: ‘ಬೆಲೆ ಏರಿಕೆ – ಬೇಸರ. ಇಡೀ ದೇಶಕ್ಕೆ ಒಂದೇ ಪಾಸು – ಆಸೆ. ನಮ್ಮಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ, 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿ – ಹೋಲಿಕೆ.’ ಗೋಯ್ಟೆ ಬಿ1 ಪರೀಕ್ಷೆಯ ಅಭಿಪ್ರಾಯ ಬರಹ ಸುಮಾರು 80 ಪದದ್ದು, ಒಟ್ಟು ಮೂರು ಬರಹಕ್ಕೆ 60 ನಿಮಿಷ. ಮೂರು ಅಂಶದ ಮೇಲೆ ನಾಲ್ಕನೆಯದು ತುರುಕಬೇಡಿ.

ಕನ್ನಡ ನಿಮಗೆ ನೆರವಾಗುವ ಜಾಗ ಎರಡಿವೆ. ‘ಇಖ್ ಫಿಂಡ ಎಸ್ ಶಾಡ, ದಾಸ್ ಡೀ ಪ್ರೈಸ ಶ್ಟೈಗನ್’ (ಬೆಲೆ ಏರುತ್ತಿರುವುದು ನನಗೆ ಬೇಸರ) – ಇಲ್ಲಿ ‘ದಾಸ್’ ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗುತ್ತದೆ, ‘ಬೆಲೆ ಏರುತ್ತದೆ’ ಎಂಬಂತೆ. ಇಂಗ್ಲಿಷ್ ತಲೆ ಇಟ್ಟುಕೊಂಡವರು ಒದ್ದಾಡುವ ಜಾಗ ಇದು. ಎರಡನೆಯದು ‘ನನಗೆ’. ನಮಗೆ ಅನ್ನಿಸುವುದು, ಬೇಸರವಾಗುವುದು, ಹಿಡಿಸುವುದು ಎಲ್ಲ ‘ನನಗೆ’ಯಿಂದಲೇ ಶುರು. ಜರ್ಮನ್‌ನಲ್ಲಿಯೂ ‘ಮಿಯರ್’ ಹಾಕಿ ಹೇಳುವ ಮಾತು ಹಲವು: ತೋರುವುದು, ಇಷ್ಟವಾಗುವುದು, ಅಯ್ಯೋ ಅನ್ನಿಸುವುದು.

ಆ್ಯಪ್ ಪೂರ್ತಿ ಬಿಡಬೇಕಿಲ್ಲ, ದಿಕ್ಕು ತಿರುಗಿಸಿ. ನೀವು ಬರೆದ ಜರ್ಮನ್ ಅನ್ನು ಅದಕ್ಕೆ ಕೊಟ್ಟು ಕನ್ನಡ ಮಾಡಿಸಿ. ನೀವು ಹೇಳಹೊರಟದ್ದೇ ಬಂತೇ ನೋಡಿ. ಬರದ ವಾಕ್ಯವನ್ನು ನೀವೇ ತಿದ್ದಿ.

ಜಪಾನಿನ ನೋತೊ ಭೂಕಂಪದ ಬಗ್ಗೆ ಬರೆಯುವಾಗ ‘ಅಲ್ಲಿನ ಜನ ಕನಾಶಿ’ ಎಂದು ಬರೆದೆ. ಕನಾಶಿ ಎಂದರೆ ದುಃಖವೇ ತಾನೆ? ತಪ್ಪು ಎಂದು ಹೊಡೆದುಹಾಕಿದ್ದಾರೆ.
– ಓದುಗರು, ಇಂದಿರಾನಗರ

ಪದ ಸರಿ, ಆಳು ತಪ್ಪು. ಜಪಾನಿಯಲ್ಲಿ ‘ಕನಾಶಿ’ ಎಂದು ನೇರವಾಗಿ ಹೇಳಬಹುದಾದದ್ದು ನಿಮ್ಮ ದುಃಖವನ್ನು ಮಾತ್ರ. ಇನ್ನೊಬ್ಬರ ಮನಸ್ಸಿನೊಳಗೆ ನೀವು ಹೊಕ್ಕಿಲ್ಲವಲ್ಲ! ಅವರ ದುಃಖಕ್ಕೆ ‘ಕನಾಶಿಸೋ’, ಅಂದರೆ ದುಃಖದಲ್ಲಿರುವ ಹಾಗೆ ಕಾಣುತ್ತಾರೆ ಎನ್ನಬೇಕು, ಇಲ್ಲವೇ ‘ಕನಾಶಿಗತ್ತೆ ಇರು’, ದುಃಖ ತೋರುತ್ತಿದ್ದಾರೆ. ಅಭಿಪ್ರಾಯಕ್ಕೂ ಇದೇ ಕಟ್ಟಳೆ: ನಿಮ್ಮದಾದರೆ ‘ತೊ ಒಮೊಇಮಾಸು’, ಬೇರೆಯವರದಾದರೆ ‘ತೊ ಒಮೊತ್ತೆ ಇಮಾಸು’.

2024ರ ಜನವರಿ 1ರಂದು, ಹೊಸ ವರ್ಷದ ದಿನವೇ, 7.6 ತೀವ್ರತೆಯ ಆ ಕಂಪನ ಆಯಿತು. ಇಂಥ ಸಾವುನೋವಿಗೆ ‘ಝನ್ನೆನ್’ (ಛೇ, ಹೀಗಾಗಬಾರದಿತ್ತು) ಎಂದು ಬರೆದರೆ ಹಗುರವಾಗಿ ಕೇಳುತ್ತದೆ, ಪಂದ್ಯ ಸೋತಾಗಲೂ ಅದೇ ಪದ ಬರುತ್ತದೆ. ‘ಮುನೆ ಗ ಇತಾಮಿಮಾಸು’ ಎನ್ನಿ, ಎದೆ ನೋಯುತ್ತದೆ ಎಂದು. ಇನ್ನು, ಜಪಾನಿ ಭಾಷಾ ಪರೀಕ್ಷೆಯಾದ ಜೆಎಲ್‌ಪಿಟಿಗೆ ಇದು ನೇರ ತಯಾರಿಯಲ್ಲ. ಆ ಪರೀಕ್ಷೆಯಲ್ಲಿ ಬರವಣಿಗೆಯೂ ಇಲ್ಲ, ಮಾತೂ ಇಲ್ಲ, ಎಲ್ಲ ಉತ್ತರ ಆರಿಸುವ ಪ್ರಶ್ನೆಗಳೇ.

ಸುದ್ದಿಯ ದೊಡ್ಡ ಸಂಖ್ಯೆಗಳು ಪ್ರತಿಸಲ ಕೈಕೊಡುತ್ತವೆ.
– ಓದುಗರು, ವಿಜಯನಗರ

ಇಂಗ್ಲಿಷಿನ ‘ಬಿಲಿಯನ್’ ಮರೆತುಬಿಡಿ. ಫ್ರೆಂಚ್, ಜರ್ಮನ್ ಎರಡರಲ್ಲೂ ‘ಬಿಲಿಯನ್’ನಂತೆ ಕಾಣುವ ಪದ ಅದರ ಸಾವಿರಪಟ್ಟು. 100 ಕೋಟಿಗೆ ಫ್ರೆಂಚಿನಲ್ಲಿ ‘ಮಿಲ್ಯಾರ್’, ಜರ್ಮನ್‌ನಲ್ಲಿ ‘ಮಿಲಿಯಾರ್ಡ’. ದಶಾಂಶಕ್ಕೆ ಇಬ್ಬರೂ ಅಲ್ಪವಿರಾಮ ಹಾಕುತ್ತಾರೆ: 3,5 ಎಂದರೆ ಮೂರೂವರೆ. ಜಪಾನಿಯ ‘ಮಾನ್’ 10 ಸಾವಿರ, ‘ಒಕು’ 10 ಕೋಟಿ. ಹಾಗಾಗಿ ಲಕ್ಷಕ್ಕೆ ‘ಜೂ ಮಾನ್’, ಭಾರತದ 140 ಕೋಟಿ ಜನಕ್ಕೆ 14 ಒಕು. ಕೋಟಿಯಿಂದ ಒಕುಗೆ ಹೋಗುವುದು ಹತ್ತರಿಂದ ಭಾಗಿಸಿದಷ್ಟೇ. ಮಿಲಿಯನ್ ಮೂಲಕ ಹೋದರೆ ಸೊನ್ನೆ ತಪ್ಪುವುದು ಖಂಡಿತ.

ಯುದ್ಧದ ಸುದ್ದಿ ಬಂದರೆ ಭಯ. ನನ್ನ ಅಭಿಪ್ರಾಯ ಪರೀಕ್ಷಕರಿಗೆ ಹಿಡಿಸದಿದ್ದರೆ ಅಂಕ ಹೋಗುತ್ತದೆಯೇ?
– ಓದುಗರು, ಬನಶಂಕರಿ

ಅಂಕ ಇರುವುದು ವಾದ ಕಟ್ಟಿದ ರೀತಿಗೆ, ಭಾಷೆಗೆ. ನಿಲುವು ಯಾವ ಕಡೆಯದು ಎಂಬುದಕ್ಕಲ್ಲ. ಎರಡು ಕಡೆಯವರೂ ಒಂದೇ ಘಟನೆಗೆ ಬೇರೆ ಬೇರೆ ಹೆಸರಿಡುತ್ತಾರೆ, ಆ ಹೆಸರನ್ನು ಬಳಸುವಾಗ ಯಾರದೆಂದು ಹೇಳಿಬಿಡಿ, ಆಗ ಮಾತು ನಿಮ್ಮ ತಲೆಗೆ ಬರುವುದಿಲ್ಲ. ಅಭಿಪ್ರಾಯವೇ ಇಲ್ಲದಿದ್ದರೆ ‘ನಿರ್ಧರಿಸಲಾರೆ’ ಎನ್ನುವುದೂ ನಿಲುವೇ, ಆದರೆ ಎರಡು ಕಾರಣ ಕೊಡಬೇಕು. ‘ಎರಡೂ ಕಡೆ ತಪ್ಪಿದೆ’ ಎಂದು ಒಂದು ಸಾಲಿನಲ್ಲಿ ಕೈತೊಳೆದುಕೊಂಡರೆ ಖಂಡಿತ ಅಂಕ ಹೋಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಕನ್ನಡ ಕಲಿಯುತ್ತಿದ್ದಾರೆ. ಸುದ್ದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಾರೆ, ಆದರೆ ಪತ್ರಿಕೆ ಮಾತಾಡಿದ ಹಾಗಿರುತ್ತದೆ.
– ಓದುಗರು, ವೈಟ್‌ಫೀಲ್ಡ್

ಆಗಲೇಬೇಕು. ಪತ್ರಿಕೆಯಲ್ಲಿ ‘ಮೃತಪಟ್ಟಿದ್ದಾರೆ ಎನ್ನಲಾಗಿದೆ’ ಎಂದು ಓದಿದ್ದನ್ನು ಅವರು ಹಾಗೇ ಒಪ್ಪಿಸುತ್ತಾರೆ. ಅದೇ ಸಾಲನ್ನು ‘ತೀರ್ಕೊಂಡ್ರಂತೆ’ ಎಂದು ನೀವು ಹೇಳಿ ತೋರಿಸಿ. ದಿನಕ್ಕೆ ಒಂದೇ ತಲೆಬರಹ ಸಾಕು: ಅವರು ಗಟ್ಟಿಯಾಗಿ ಓದಲಿ, ನೀವು ಆಡುಮಾತಿಗೆ ತಿರುಗಿಸಿ, ಅವರು ಅದನ್ನು ಮತ್ತೆ ಹೇಳಿ ಕೊನೆಗೆ ತಮ್ಮದೊಂದು ಮಾತು ಸೇರಿಸಲಿ. ಆ ಮಾತಿಗೆ ಬೇಕಾಗುವ ಸಣ್ಣ ಪದಗಳನ್ನು ಮೊದಲೇ ಕಲಿಸಿ. ‘ಪಾಪ’ ಮನುಷ್ಯರಿಗೆ, ‘ಛೇ’ ಘಟನೆಗೆ, ‘ಹೌದಾ!’ ಆಶ್ಚರ್ಯಕ್ಕೆ. ‘ಪಾಪ’ವನ್ನು ಮಂತ್ರಿಗಳ ಬಗ್ಗೆ ಬಳಸಿದರೆ ಅದು ವ್ಯಂಗ್ಯವಾಗಿ ಕೇಳುತ್ತದೆ ಎಂಬುದನ್ನೂ ತಿಳಿಸಿರಿ. ಕಿವಿಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಒಳ್ಳೆಯದು, ಉಚ್ಚಾರ ಸ್ಪಷ್ಟ, ಟೀವಿಯ ಕಿರುಚಾಟವಿಲ್ಲ.