ಕವಿತೆ ಬರೆಸುವ ಮೊದಲು ಕೇಳುವವರನ್ನು ಗೊತ್ತುಮಾಡಿಕೊಳ್ಳಿ

ಪರಿಸರ, ಭ್ರಷ್ಟಾಚಾರ ಎಂದು ವಿಷಯ ಕೊಟ್ಟು ಹದಿಹರೆಯದವರಿಂದ ಕವಿತೆ ಬರೆಸಿದಿರಿ, ಎಲ್ಲವೂ ಘೋಷಣೆಯ ಹಾಗೆ ಬಂದವು, ಆಮೇಲೆ ಏನೂ ಆಗಲಿಲ್ಲ, ಎಲ್ಲಿ ತಪ್ಪಿತು ಎಂದು ಕೇಳಿದ್ದೀರಿ. ನನಗೆ ಕಾಣುವುದು ಎರಡು ಕಾರಣ: ವಿಷಯ ತೀರಾ ದೊಡ್ಡದು, ಮತ್ತು ಆ ಕವಿತೆಗಳನ್ನು ಯಾರು ಕೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿಲ್ಲ.

ಎರಡನೆಯದನ್ನು ಮೊದಲು ಸರಿಮಾಡಿ. ಆ ಊರಿನ ರಸ್ತೆ, ನೀರು, ಗ್ರಂಥಾಲಯ, ಬಸ್ಸು ಇವುಗಳ ಮೇಲೆ ನಿರ್ಧಾರ ತೆಗೆದುಕೊಳ್ಳಬಲ್ಲ ಒಬ್ಬರಾದರೂ ಕೊನೆಯ ದಿನ ಬಂದು ಕೂತು ಉತ್ತರಿಸುತ್ತೇನೆ ಎಂದು ಒಪ್ಪಿದ ಮೇಲೆಯೇ ಕಮ್ಮಟ ಶುರುಮಾಡಿ. ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳನ್ನು, ಅಂದರೆ ಮಕ್ಕಳನ್ನು ದಾಳವಾಗಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದನ್ನು, ಅವರು ಭಾಗವಹಿಸುವಿಕೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಭೆಯ ಆರಂಭದಲ್ಲಿ ಒಬ್ಬ ಹುಡುಗಿಯಿಂದ ಕವಿತೆ ಓದಿಸಿ, ಚಪ್ಪಾಳೆ ತಟ್ಟಿ, ಅವಳನ್ನು ಕಳುಹಿಸಿ ಚರ್ಚೆಗೆ ಕೂರುವುದು ಅಲಂಕಾರವೇ.

12ರಿಂದ 15 ಜನರ ಗುಂಪು, ಇಬ್ಬರು ಹಿರಿಯರು, ವಾರಕ್ಕೊಮ್ಮೆ ಒಂದೂವರೆ ಗಂಟೆ, ಒಟ್ಟು ಆರು ವಾರ ಸಾಕು. ಮೊದಲ ವಾರ ಕವಿತೆಯ ಮಾತೇ ಬೇಡ. ಪ್ರತಿಯೊಬ್ಬರೂ ದಿನಾ ಹಾದುಹೋಗುವ ಒಂದು ಜಾಗದಲ್ಲಿ 20 ನಿಮಿಷ ನಿಂತು, ಕಂಡದ್ದು ಕೇಳಿದ್ದನ್ನಷ್ಟೇ ಬರೆದು ತರಲಿ. ‘ಬೇಕು’, ‘ಬಾರದು’, ‘ಸಮಾಜ’, ‘ನಾವೆಲ್ಲರೂ’ ಈ ನಾಲ್ಕಕ್ಕೂ ನಿಷೇಧ. ದೀಪವಿಲ್ಲದ ಕಂಬಗಳು ಎಷ್ಟು, ಬಸ್ಸಿಗೆ ಎಷ್ಟು ಹೊತ್ತು ಕಾದರು ಎಂಬುದನ್ನು ಎಣಿಸಿ ಬರೆಯಲಿ. ಘೋಷಣೆ ಅರ್ಧಕ್ಕರ್ಧ ಇಲ್ಲಿಯೇ ಉದುರುತ್ತದೆ. ಎರಡನೇ ವಾರ ಆ ಜಾಗ ಯಾವ ಕಚೇರಿಗೆ ಸೇರಿದ್ದು, ಹಣ ಮಂಜೂರು ಮಾಡುವವರು ಯಾರು, ಸಭೆ ಯಾವಾಗ ಎಂದು ಅವರೇ ವಿಚಾರಿಸಲಿ. ಹಲವರು ಬಿಟ್ಟುಬಿಡುವ ಹಂತ ಇದು. ಪೌರತ್ವದ ನಿಜವಾದ ಪಾಠ ಇರುವುದು ಇಲ್ಲಿಯೇ. ಯಾರನ್ನು ಕೇಳಬೇಕೆಂದು ತಿಳಿದವರ ಸಿಟ್ಟಿಗೆ ಒಂದು ಗುರಿ ಸಿಗುತ್ತದೆ, ಕವಿತೆಯೂ ‘ನೀವು’ ಎಂದು ನೇರವಾಗಿ ಮಾತಾಡತೊಡಗುತ್ತದೆ.

ಮೂರು, ನಾಲ್ಕನೇ ವಾರ ಬರವಣಿಗೆ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಲಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಬರೆಯಲು ಹಿಂಜರಿಯುವವರು ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಆಮೇಲೆ ಬರೆದುಕೊಳ್ಳಲಿ. ಒಬ್ಬರು ಓದಿದಾಗ ಕೇಳಿದವರು ನೆನಪಲ್ಲಿ ಉಳಿದ ಸಾಲನ್ನು ಹೇಳಿ, ಅರ್ಥವಾಗದ್ದನ್ನು ಕೇಳಲಿ. ಯಾರೂ ನೆನಪಿಡದ ಸಾಲನ್ನು ಬರೆದವರೇ ಹೊಡೆದುಹಾಕುತ್ತಾರೆ. ಹಿರಿಯರು ಪೆನ್ನು ಹಿಡಿಯಬಾರದು: ಒಂದು ಸಾಲು ನಿಮ್ಮದಾದರೂ, ಎದುರಿಗೆ ಕೂತವರು ‘ಇದನ್ನು ನಿಮಗೆ ಯಾರು ಬರೆದುಕೊಟ್ಟರು?’ ಎಂದು ಕೇಳಿ ಇಡೀ ಕವಿತೆಯನ್ನು ತಳ್ಳಿಹಾಕಬಹುದು.

ಐದನೇ ವಾರ ಓದುವ ಅಭ್ಯಾಸ. ಒಬ್ಬರಿಗೆ 3 ನಿಮಿಷ, ನಿಧಾನವಾಗಿ ಓದಿದರೆ ಸುಮಾರು 200 ಪದ. ಈ ಮಿತಿ ಕವಿತೆ ಓದುವ ಸ್ಪರ್ಧೆಯಾದ ಪೊಯೆಟ್ರಿ ಸ್ಲ್ಯಾಮ್‌ನಲ್ಲೂ ಇದೆ. 1980ರ ದಶಕದಲ್ಲಿ ಶಿಕಾಗೊದಲ್ಲಿ ಕವಿ ಮಾರ್ಕ್ ಸ್ಮಿತ್ ಶುರುಮಾಡಿದ ಆ ಪದ್ಧತಿಯಲ್ಲಿ ಸಭಿಕರಿಂದಲೇ ಆರಿಸಿದ ಐವರು ಅಂಕ ಕೊಡುತ್ತಾರೆ. ಅಂಕದ ಆಟ ಜನ ಸೇರಿಸಲು ಒಳ್ಳೆಯದು, ಆದರೆ ಅಧಿಕಾರಿ ಬರುವ ದಿನ ಬೇಡವೇ ಬೇಡ. ಅಂಕ ಬಂತೆಂದರೆ ಉತ್ತರಿಸಬೇಕಾದವರು ಪ್ರೇಕ್ಷಕರಾಗಿಬಿಡುತ್ತಾರೆ.

ಆರನೇ ವಾರ, ಅಧಿಕಾರಿ ಬರುವ ಆ ದಿನ, ಎಂಟು ಕವಿತೆ ಸಾಕು, ಅಂದರೆ 24 ನಿಮಿಷ. ಉತ್ತರಕ್ಕೆ ಅಷ್ಟೇ ಸಮಯ ಮೀಸಲಿಡಿ. ಪ್ರತಿ ಕವಿತೆಗೂ ಒಂದೇ ವಾಕ್ಯದ ಬೇಡಿಕೆ ಸೇರಿಸಿ, ಪಟ್ಟಿಯನ್ನು ಒಂದು ವಾರ ಮುಂಚೆಯೇ ಕಳುಹಿಸಿ, ಇಲ್ಲವಾದರೆ ‘ಪರಿಶೀಲಿಸುತ್ತೇವೆ’ ಎಂಬುದಕ್ಕಿಂತ ಹೆಚ್ಚು ಸಿಗುವುದಿಲ್ಲ. ಕೊಟ್ಟ ಮಾತುಗಳನ್ನು ಅಲ್ಲಿಯೇ ಬರೆದುಕೊಂಡು, 30 ದಿನಗಳ ನಂತರ ಅದೇ ಗುಂಪು ಹೋಗಿ ವಿಚಾರಿಸಲಿ.

ಕೆಲವರ ಕವಿತೆಯಲ್ಲಿ ಮನೆಯ ಹಿಂಸೆಯೋ ಸಾಯುವ ಯೋಚನೆಯೋ ಕಾಣಿಸಬಹುದು. ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ಅಂಥವರನ್ನು ಯಾವ ಆಪ್ತಸಮಾಲೋಚಕರ ಬಳಿ ಕಳುಹಿಸಬೇಕೆಂದು ಮೊದಲ ವಾರವೇ ಗೊತ್ತುಮಾಡಿಕೊಂಡಿರಿ. ವೇದಿಕೆಗೆ ಒಂದು ಒಪ್ಪಿಗೆ, ವಿಡಿಯೊಗೆ ಬೇರೆಯದೇ ಒಪ್ಪಿಗೆ, ಎರಡೂ ಬರವಣಿಗೆಯಲ್ಲಿರಲಿ. 18 ತುಂಬದವರಾದರೆ ಪೋಷಕರ ಸಹಿಯೂ ಬೇಕು.