ಅಜ್ಜಿಯ ಗೊರಕೆ ಮತ್ತು ಉಪಮಾಲಂಕಾರ

ವಿರಾಜಪೇಟೆಯಿಂದ ಒಬ್ಬ ತಾಯಿ ಬರ್ದಿದ್ದಾರೆ. ಮಗಳು ಹತ್ತನೇ ಕ್ಲಾಸು, ರಾತ್ರಿ ಹತ್ತು ಗಂಟೆ ತನಕ ಪ್ರಸ್ತಾರ (ಪದ್ಯದ ಅಕ್ಷರಗಳಿಗೆ ಲಘು, ಗುರು ಅಂತ ಗುರುತು) ಹಾಕ್ತಾ ಕೂತಿರ್ತಾಳಂತೆ. ‘ಯಮಾತಾರಾಜಭಾನಸಲಗಂ ಅಂತ ಛಂದಸ್ಸಿನ ಗಣಗಳನ್ನ ನೆನಪಿಡೋ ಮಂತ್ರ ಹೇಳಿಸೋ ಬದ್ಲು ಪದ್ಯ ಓದಿ ಖುಷಿಪಡೋಕೆ ಬಿಡಬಾರ್ದಾ? ಹೂವನ್ನ ಎಸಳು ಎಸಳಾಗಿ ಕಿತ್ತು ನೋಡಿದ್ರೆ ಹೂವು ಉಳಿಯತ್ತಾ?’ ಅಂತ ಕೇಳಿದ್ದಾರೆ.

ಮೇಡಂ, ಕಾಗದ ಚೆನ್ನಾಗಿದೆ, ಅಲಂಕಾರ ಬೇಡ ಅನ್ನೋಕೂ ನಿಮಗೆ ಹೂವಿನ ಅಲಂಕಾರವೇ ಬೇಕಾಯ್ತು ನೋಡಿ. ಗೈಡ್ ಇಟ್ಕೊಂಡು ಮೂರು ಮಾರ್ಕ್ಸಿಗೆ ಉರು ಹೊಡೆಸೋದು ತಪ್ಪು, ಒಪ್ದೆ. ಆದ್ರೆ ನೀವು ಕಾಫಿ ಸೀಮೆಯವರು. ಮಾರ್ಚಲ್ಲಿ ಬಿದ್ದ ಮಳೆಗೆ ಹೂಮಳೆ ಅಂತೀವಿ, ಆಮೇಲೆ ಬೀಳೋದಕ್ಕೆ ಬ್ಯಾಕಿಂಗ್ ಅಂತೀವಿ. ಹೆಸರು ಗೊತ್ತಿರೋದ್ರಿಂದ ಕಾಫಿ ಹೂಬಿಟ್ಟು ತೋಟ ಬೆಳ್ಳಗಾದಾಗ ಆಗೋ ಖುಷಿ ಕಮ್ಮಿ ಆಗಿದ್ಯಾ?

ನಮ್ಮ ಕನ್ನಡ ಮೇಷ್ಟ್ರು ಬೋರ್ಡ್ ಮುಟ್ತಾನೇ ಇರ್ಲಿಲ್ಲ. ಜುಲೈ ತಿಂಗಳು, ಶೀಟಿನ ಮೇಲೆ ಮಳೆ ಹೊಡೆತಕ್ಕೆ ಪಾಠ ಕೇಳಿಸ್ತಿರ್ಲಿಲ್ಲ, ಅದಕ್ಕೆ ಡೆಸ್ಕ್ ಕುಟ್ಟಿ ಪದ್ಯದ ಲಯ ಕೇಳಿಸೋರು. ಪಂಜೆಯವರ ಹುತ್ತರಿ ಹಾಡು ತಗೊಳ್ಳಿ (ಪಂಜೆ ಮಂಗೇಶರಾಯರು ಮಡಿಕೇರೀಲಿ ಹೆಡ್‌ಮಾಸ್ಟರ್ ಆಗಿದ್ದವರು, ನಮ್ಮವರೇ ಅಂದ್ಕೊಳ್ಳೋಣ). ಎಲ್ಲಿ, ಭೂರಮೆ, ದೇವ, ಸನ್ನಿಧಿ. ಒತ್ತಕ್ಷರದ ಹಿಂದಿನ ಎ ಗುರು, ಎರಡು ಮಾತ್ರೆ (ಮಾತ್ರೆ ಅಂದ್ರೆ ಉಚ್ಚಾರಣೆಗೆ ಹಿಡಿಯೋ ಕಾಲದ ಅಳತೆ), ಲ್ಲಿ ಲಘು, ಒಂದು, ಸೇರಿ ಮೂರು. ಭೂ ಎರಡು, ರ ಒಂದು, ಮೆ ಒಂದು, ನಾಲ್ಕು. ಮತ್ತೆ ಮೂರು, ಮತ್ತೆ ನಾಲ್ಕು. ಇದೇ ಮೂರು-ನಾಲ್ಕರ ನಡಿಗೇಲೇ ಕುಮಾರವ್ಯಾಸ ಭಾಮಿನಿ ಷಟ್ಪದಿ ಹಿಡ್ಕೊಂಡು ಭಾರತದ ಹತ್ತು ಪರ್ವ ಹೇಳಿದ್ದು ಅಂತ ಮೇಷ್ಟ್ರು ಅಂದಾಗ ನಂಗೆ ಮೈ ಜುಂ ಅಂದಿತ್ತು. ಮನೇಲಿ ದುಡಿಕೊಟ್ಟ್ ಪಾಟ್ (ದುಡಿ ಬಾರಿಸ್ತಾ ಹಾಡೋ ಕೊಡವ ಹಾಡು) ಕೇಳಿ ಬೆಳೆದ ಮಕ್ಕಳ ಕಿವಿಗೆ ಲಯ ಹೊಸದಾಗಿ ಕಲಿಸ್ಬೇಕಾ, ಬರೀ ಹೆಸರು ಹೇಳಿಕೊಟ್ರೆ ಸಾಕು.

ಅಲಂಕಾರದ ಕತೆ ಇನ್ನೊಂದು. ಸೀತೆಯ ಮುಖ ಚಂದ್ರನಂತೆ ಮನೋಹರವಾಗಿದೆ, ನಾನು ಓದಿದ್ದೂ ಅದೇ, ನನ್ನ ಮಗ ಓದಿದ್ದೂ ಅದೇ, ಪಾಪ ಸೀತೆ. ಪಕ್ಕದ ಲೈನ್ಮನೆ (ತೋಟದ ಕೆಲಸದವರ ಸಾಲುಮನೆ) ಹುಡುಗಿ ಹೋಂವರ್ಕ್ ಹಿಡ್ಕೊಂಡು ಬಂದಾಗ ಸೀತೆ ಬಿಡು, ನಿಂದೇ ಒಂದು ಉಪಮೆ ಹೇಳು ಅಂದೆ. ‘ನಮ್ಮಜ್ಜಿ ಗೊರಕೆ ಪಲ್ಪರ್ ಥರ’ ಅಂದ್ಳು (ಪಲ್ಪರ್ ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್). ಸರಿ, ಉಪಮೇಯ ಗೊರಕೆ, ಉಪಮಾನ ಪಲ್ಪರ್, ವಾಚಕ ಥರ, ಪಟಪಟ ಹೇಳಿದ್ಳು. ಸಮಾನಧರ್ಮ, ಅಂದ್ರೆ ಎರಡರಲ್ಲೂ ಇರೋ ಒಂದೇ ಗುಣ? ‘ಸದ್ದು’ ಅಂದ್ಳು, ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದ್ಳು, ‘ಅಲ್ಲ, ಎರಡೂ ನಿಂತ್ರೇನೇ ಎಚ್ಚರ ಆಗೋದು’ ಅಂದ್ಳು. ಆ ನಾಲ್ಕನೇ ಖಾನೆ ತುಂಬಿಸ್ಲೇಬೇಕು ಅಂತ ಇರ್ಲಿಲ್ಲ ಅಂದ್ರೆ ಅವಳು ಸದ್ದಿಗೇ ನಿಲ್ತಿದ್ಳು ಮೇಡಂ.

ಇನ್ನು ನನ್ನ ಗೋಳು. ನಮ್ಮ ಆಫೀಸಿಗೆ ವಾಟ್ಸಾಪಲ್ಲಿ ಬರೋ ಕವಿತೆಗಳಿಗೆ ಲೆಕ್ಕ ಇಲ್ಲ, ಎಲ್ಲದ್ರಲ್ಲೂ ಮಂಜು, ಎಲ್ಲದ್ರಲ್ಲೂ ಕಾವೇರಿ ತಾಯಿ. ಒಂದು ವಾಕ್ಯ ತಗೊಂಡು ನಾಲ್ಕು ಕಡೆ ಎಂಟರ್ ಒತ್ತಿದ್ರೆ ಕವನ. ಲಯ ಎಲ್ಲಪ್ಪ ಅಂತ ಒಬ್ರನ್ನ ಕೇಳಿದ್ದಕ್ಕೆ ‘ಛಂದಸ್ಸು ಬಿಟ್ಟು ಬರೀತೀನಿ ಸಾರ್’ ಅಂದ್ರು. ಬಿಡ್ಲಿ, ಯಾರು ಬೇಡ ಅಂದ್ರು, ಹಿಡ್ಕೊಂಡಿದ್ದು ಯಾವಾಗ ಅಂತ ನನ್ನ ಪ್ರಶ್ನೆ. ಆದಿಪ್ರಾಸ ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರೋದು ಅನ್ನೋದೇ ಗೊತ್ತಿಲ್ಲದೆ ಕವನ ಸಂಕಲನ ತಂದು ಮುನ್ನುಡಿ ಕೇಳ್ತಾರೆ. ಮಕ್ಕಳಿಗೆ ಕನ್ನಡ ಪಾಸಾದ್ರೆ ಸಾಕು ಅಂತ ನಾವೇ ಹೇಳ್ಕೊಂಡು ಬಂದಿದ್ದೀವಿ, ಈಗ ಅನುಭವಿಸ್ಬೇಕು.

ನಿಮ್ಮ ಮಗಳನ್ನ ಪುಸ್ತಕ ಮುಚ್ಚಿಸಿ ಒಂದ್ಸಲ ಡೆಸ್ಕ್ ಕುಟ್ಟಿಸಿ ನೋಡಿ. ಅವಳದ್ದೇ ಒಂದು ಉಪಮೆ ಬರೆದು ಕಳ್ಸಿದ್ರೆ ಖಂಡಿತ ಹಾಕ್ತೀನಿ. ಪಲ್ಪರ್ ಹುಡುಗಿ ಮಾತ್ರ ಜಾಣೆ, ಪರೀಕ್ಷೇಲಿ ಏನು ಬರ್ದೆ ಅಂತ ಕೇಳಿದ್ರೆ ‘ಸೀತೆ ಮುಖಾನೇ’ ಅಂದ್ಳು.